ಒಲೆ ಮತ್ತು ಕುಲುಮೆ
ಸಮಾಜವಾದೋತ್ತರ ಕಾಲದಲ್ಲಿ ದುಡಿಯುವ ಮಹಿಳೆ: ಭದ್ರಾವತಿ–ಸೋಗಾನೆ ಪರಿಸರವನ್ನು ಕುರಿತ ಒಂದು ಅಧ್ಯಯನ

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಹೆದ್ದಾರಿ ಉದ್ದದಲ್ಲಿ ಚಿಕ್ಕದು; ಆದರೆ ಕನ್ನಡ ನಾಡಿನ ಒಂದು ಶತಮಾನದ ಆರ್ಥಿಕ ಚರಿತ್ರೆಯು ಅದರ ಇಕ್ಕೆಲಗಳಲ್ಲಿ ಹರಡಿಕೊಂಡಿದೆ. ಒಂದು ತುದಿಯಲ್ಲಿ 1918ರಲ್ಲಿ ಸ್ಥಾಪಿತವಾದ ಕಬ್ಬಿಣದ ಕಾರ್ಖಾನೆ. ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ, ಅಲ್ಲಿ ಬಹುಪಾಲು ಮಹಿಳೆಯರೇ ದುಡಿಯುವ ಸಿದ್ಧ ಉಡುಪಿನ ಕಾರ್ಖಾನೆ. ಅದಕ್ಕೆ ಅನತಿದೂರದಲ್ಲಿ ಸೋಗಾನೆ. ಒಂದು ಕಾಲಕ್ಕೆ ಬೇಸಾಯದ ಹಳ್ಳಿಯೆಂದಷ್ಟೇ ಹೆಸರಾಗಿದ್ದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ರಾಷ್ಟ್ರಕವಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣವು ಉದ್ಘಾಟನೆಗೊಂಡಿತು. ಕಬ್ಬಿಣ, ಬಟ್ಟೆ, ವಿಮಾನ — ಈ ಮೂರು ಮೂರು ಯುಗಗಳ ಗುರುತುಗಳು. ಆದರೆ ಈ ಮೂರೂ ಯುಗಗಳಲ್ಲಿ ಬದಲಾಗದೆ ಉಳಿದ ಗುರುತೊಂದಿದೆ. ಅದು ಬೆಳಗಿನ ಜಾವಕ್ಕೆ ಮನೆಯ ಒಲೆಯನ್ನು ಹೊತ್ತಿಸುವ ಕೈ. ಆ ಕೈಯೇ ಈಗ ಹೊರಗಿನ ದುಡಿಮೆಯ ಭಾರವನ್ನೂ ಹೊತ್ತುಕೊಂಡಿದೆ. ಈ ಎರಡು ಭಾರಗಳನ್ನು ಅದು ಹೇಗೆ ತೂಗಿಸುತ್ತಿದೆ, ತೂಗಿಸಲಾರದಾದಾಗ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ವಿದ್ಯಾಸಂಸ್ಥೆಗಳಿಗೆ ಹೊರಗಿನ ವಿಷಯವಲ್ಲ. ಅದರ ಉತ್ತರವು ಕಡೆಗೆ ಶಾಲೆಯ ಹಾಜರಿ ಪುಸ್ತಕದಲ್ಲಿಯೇ ದೊರೆಯುತ್ತದೆ.

ಸಮಾಜವಾದವು ಕೊಟ್ಟ ಭರವಸೆ

ಮಹಿಳೆಯು ಹೊರಗೆ ದುಡಿಯಬೇಕು, ಅವಳ ಮನೆಗೆಲಸದ ಒಂದು ಪಾಲನ್ನು ಸಮಾಜವೇ ವಹಿಸಿಕೊಳ್ಳಬೇಕು ಎಂಬ ತತ್ತ್ವವನ್ನು ರಾಜ್ಯನೀತಿಯ ಮಟ್ಟಕ್ಕೆ ಏರಿಸಿದ ಶ್ರೇಯಸ್ಸು ಇಪ್ಪತ್ತನೆಯ ಶತಮಾನದ ಸಮಾಜವಾದಿ ರಾಷ್ಟ್ರಗಳಿಗೆ ಸಲ್ಲುತ್ತದೆ. ಅಡುಗೆಮನೆಯ ಬಿಡುವಿಲ್ಲದ ಚಿಲ್ಲರೆ ಕೆಲಸಗಳು ಮಹಿಳೆಯ ಶಕ್ತಿಯನ್ನು ಹೀರಿಬಿಡುತ್ತವೆಂದೂ, ಸಾರ್ವಜನಿಕ ಭೋಜನಶಾಲೆಗಳು ಮತ್ತು ಶಿಶುವಿಹಾರಗಳು ಹೊಸ ಸಮಾಜದ ಮೊಳಕೆಗಳೆಂದೂ ಲೆನಿನ್ 1919ರಲ್ಲಿಯೇ ಪ್ರತಿಪಾದಿಸಿದ್ದನು. 1936ರ ಸೋವಿಯತ್ ಸಂವಿಧಾನವು ದುಡಿಮೆ, ವೇತನ, ವಿಶ್ರಾಂತಿ, ಶಿಕ್ಷಣಗಳಲ್ಲಿ ಸ್ತ್ರೀಪುರುಷರಿಗೆ ಸಮಾನ ಹಕ್ಕನ್ನು ಸಾರಿತು. ಬಟ್ಟೆಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ವಾಲೆಂಟಿನಾ ತೆರೆಷ್ಕೋವಾ 1963ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆಯಾದಳು. ಹಂಗೇರಿಯು 1967ರಿಂದ ತಾಯಂದಿರಿಗೆ ಶಿಶುಪಾಲನೆಗಾಗಿ ದೀರ್ಘಾವಧಿಯ ರಜೆಯನ್ನು ಭತ್ಯೆಸಹಿತ ನೀಡತೊಡಗಿತು. ಪೂರ್ವ ಜರ್ಮನಿಯಲ್ಲಿ ಶಿಶುವಿಹಾರವಿಲ್ಲದ ಊರೇ ಅಪರೂಪವೆನ್ನುವ ಸ್ಥಿತಿ ಒದಗಿತು.

ಆದರೂ ಈ ವ್ಯವಸ್ಥೆಯಲ್ಲೊಂದು ಬಿರುಕಿತ್ತು. ಮಹಿಳೆಯು ಕಾರ್ಖಾನೆಗೆ ಬಂದಳು, ಪುರುಷನು ಅಡುಗೆಮನೆಗೆ ಬರಲಿಲ್ಲ. ನತಾಲ್ಯಾ ಬರಾನ್‌ಸ್ಕಾಯಾ ಎಂಬ ಲೇಖಕಿಯು 1969ರಲ್ಲಿ ಪ್ರಕಟಿಸಿದ ಒಂದು ನೀಳ್ಗತೆಯು ಇದನ್ನು ಸೋವಿಯತ್ ಓದುಗರ ಮುಂದೆ ನೇರವಾಗಿ ಇಟ್ಟಿತು. ಅದರ ನಾಯಕಿ ಪ್ರಯೋಗಾಲಯವೊಂದರಲ್ಲಿ ಸಂಶೋಧಕಿ, ಎರಡು ಮಕ್ಕಳ ತಾಯಿ. ಮನೆಗೆಲಸಕ್ಕೆ ಎಷ್ಟು ಗಂಟೆ, ಮಕ್ಕಳಿಗೆ ಎಷ್ಟು ಗಂಟೆ, ವಿರಾಮಕ್ಕೆ ಎಷ್ಟು ಗಂಟೆ ಎಂದು ಕೇಳುವ ಪ್ರಶ್ನಾವಳಿಯೊಂದು ಕಚೇರಿಯಲ್ಲಿ ಅವಳ ಕೈಸೇರುತ್ತದೆ. ಅದನ್ನು ತುಂಬಲೂ ಅವಳಿಗೆ ಬಿಡುವಿಲ್ಲ. ಹಕ್ಕು ದೊರೆತಿತ್ತು, ಹೊತ್ತು ದೊರೆತಿರಲಿಲ್ಲ.

1991ರ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟವು ವಿಸರ್ಜನೆಗೊಂಡ ಮೇಲೆ ಆದುದು ಇನ್ನೂ ಗಮನಾರ್ಹವಾದುದು. ಅಲ್ಲಿನ ಶಿಶುವಿಹಾರಗಳಲ್ಲಿ ಬಹಳಷ್ಟನ್ನು ನಡೆಸುತ್ತಿದ್ದವರು ಕಾರ್ಖಾನೆಗಳೇ. ಲಾಭನಷ್ಟದ ಲೆಕ್ಕ ಬಂದೊಡನೆ ಕಾರ್ಖಾನೆಗಳು ಮೊದಲು ಕೈಬಿಟ್ಟದ್ದು ಇಂಥ ಹೊಣೆಗಳನ್ನು. ಕೆಲವು ನಗರಾಡಳಿತಗಳ ಪಾಲಾದುವು, ಅನೇಕವು ಮುಚ್ಚಿಹೋದುವು. ಶಿಶುವಿಹಾರ ಮುಚ್ಚಿತೆಂದು ಶಿಶುವಿನ ಪಾಲನೆ ನಿಲ್ಲುವುದಿಲ್ಲವಷ್ಟೆ. ರಾಜ್ಯವು ಇಳಿಸಿದ ಹೊರೆಯನ್ನು ತಾಯಿ ಮತ್ತು ಅಜ್ಜಿ ಎತ್ತಿಕೊಂಡರು.

ಭದ್ರಾವತಿಯ ಮಾದರಿ

ಭಾರತವು ಸೋವಿಯತ್ ರೀತಿಯ ರಾಷ್ಟ್ರವಾಗಿರಲಿಲ್ಲ. ಆದರೆ 1955ರ ಆವಡಿ ಕಾಂಗ್ರೆಸ್ ಅಧಿವೇಶನವು ಸಮಾಜವಾದಿ ಮಾದರಿಯ ಸಮಾಜವನ್ನು ಗುರಿಯಾಗಿ ಅಂಗೀಕರಿಸಿತು. 1976ರ ನಲವತ್ತೆರಡನೆಯ ತಿದ್ದುಪಡಿಯು ಸಂವಿಧಾನದ ಪೀಠಿಕೆಗೆ ‘ಸಮಾಜವಾದಿ’ ಎಂಬ ಪದವನ್ನು ಸೇರಿಸಿತು. ಸಾಮಾನ್ಯ ಜನರು ಈ ಆದರ್ಶವನ್ನು ಕಂಡದ್ದು ಗ್ರಂಥಗಳಲ್ಲಲ್ಲ, ಸರ್ಕಾರಿ ಉದ್ಯಮದ ಊರುಗಳಲ್ಲಿ. ಅಂಥ ಊರುಗಳಲ್ಲಿ ಭದ್ರಾವತಿಯು ಹಿರಿಯದು.

ಬೆಂಕಿಪುರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯಿಂದ ಮೈಸೂರು ಸಂಸ್ಥಾನವು ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಿತು. 1923ರಲ್ಲಿ ಕಬ್ಬಿಣದ ಉತ್ಪಾದನೆ ಮೊದಲಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಭದ್ರೆಯ ನೀರು ಇವು ಅದರ ಮೂಲದ್ರವ್ಯಗಳು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ಕಬ್ಬಿಣದ ಕಾರ್ಖಾನೆಯು 1962ರಲ್ಲಿ ಸರ್ಕಾರಿ ಕಂಪೆನಿಯಾಯಿತು. ಅನಂತರ ವಿಶ್ವೇಶ್ವರಯ್ಯನವರ ಹೆಸರನ್ನೇ ಪಡೆಯಿತು. ಕಾಗದದ ಕಾರ್ಖಾನೆಯು 1977ರಲ್ಲಿ ಸರ್ಕಾರಿ ಕಂಪೆನಿಯಾಯಿತು.

ಕುಲುಮೆಯ ಮುಂದೆ ನಿಂತವರು ಪುರುಷರು. ರಾತ್ರಿ ಏಳರಿಂದ ಬೆಳಿಗ್ಗೆ ಆರರವರೆಗೆ ಮಹಿಳೆಯರನ್ನು ಕೆಲಸಕ್ಕೆ ಇರಿಸಿಕೊಳ್ಳಲು 1948ರ ಕಾರ್ಖಾನೆಗಳ ಕಾಯಿದೆಯು ಅವಕಾಶ ಕೊಟ್ಟಿರಲಿಲ್ಲವಾದ್ದರಿಂದ ಮೂರು ಪಾಳಿಯ ಉಕ್ಕಿನ ಕೆಲಸವು ಸಹಜವಾಗಿ ಗಂಡಸರ ಕೆಲಸವೇ ಆಗಿ ಉಳಿಯಿತು. ಮಹಿಳೆಗೆ ದೊರೆತ ನೌಕರಿಯೆಂದರೆ ಹೆಚ್ಚಾಗಿ ಶಾಲೆ, ಆಸ್ಪತ್ರೆ, ಕಚೇರಿಗಳಲ್ಲಿ. ಆದರೆ ಕಾರ್ಖಾನೆಯು ಕೊಟ್ಟದ್ದು ಸಂಬಳವೊಂದನ್ನೇ ಅಲ್ಲ. ವಸತಿಗೃಹ, ನಲ್ಲಿಯ ನೀರು, ವಿದ್ಯುತ್ತು, ಆಸ್ಪತ್ರೆ, ನಡೆದು ಹೋಗುವಷ್ಟು ದೂರದಲ್ಲಿ ಶಾಲೆ, ನಿವೃತ್ತಿಯ ಭದ್ರತೆ ಇವೆಲ್ಲವೂ ಅದರೊಡನೆ ಬಂದುವು. ಇವನ್ನು ಮೇಲುನೋಟಕ್ಕೆ ನೌಕರನ ಸೌಲಭ್ಯಗಳೆಂದು ಕರೆಯುವುದು ವಾಡಿಕೆ. ಒಳಹೊಕ್ಕು ನೋಡಿದರೆ ಇವು ಮನೆಯಾಕೆಯ ಹೊರೆಯಲ್ಲಿ ಕಾರ್ಖಾನೆಯು ವಹಿಸಿಕೊಂಡ ಪಾಲು. ನೀರು ಹೊರುವ ಹೊತ್ತು, ರೋಗಿಯನ್ನು ದೂರದೂರಿಗೆ ಕರೆದೊಯ್ಯುವ ಹೊತ್ತು, ಮಗುವನ್ನು ಶಾಲೆಗೆ ತಲುಪಿಸುವ ಹೊತ್ತು ಇಷ್ಟೂ ಅವಳಿಗೆ ಉಳಿಯಿತು.

ಇದರ ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ಪಾಳಿ ಬದಲಾದಂತೆಲ್ಲ ಮನೆಯ ಊಟನಿದ್ರೆಗಳ ವೇಳೆಯೂ ಬದಲಾಗುತ್ತಿತ್ತು. ನಸುಕಿನ ಪಾಳಿಗೆ ಬುತ್ತಿ ಕಟ್ಟಿ, ಶಾಲೆಯ ಮಕ್ಕಳಿಗೆ ಉಪಾಹಾರ ಮಾಡಿ, ರಾತ್ರಿಪಾಳಿ ಮುಗಿಸಿ ಬಂದವನ ನಿದ್ರೆಗೆ ಭಂಗವಾಗದಂತೆ ಮನೆಯನ್ನು ನಿಶ್ಶಬ್ದವಾಗಿ ನಡೆಸಿದವಳ ದುಡಿಮೆಯಿಲ್ಲದೆ ಕುಲುಮೆಯು ಒಂದು ದಿನವೂ ಉರಿಯುತ್ತಿರಲಿಲ್ಲ. ಉಕ್ಕಿನ ಲೆಕ್ಕ ಟನ್ನುಗಳಲ್ಲಿ ದಾಖಲಾಯಿತು. ಈ ದುಡಿಮೆಯು ಯಾವ ಲೆಕ್ಕದ ಪುಸ್ತಕಕ್ಕೂ ಏರಲಿಲ್ಲ.

ಮನೆಗೆ ಮರಳಿದ ಹೊರೆ

1991ರ ಜುಲೈ ತಿಂಗಳಿನ ಹೊಸ ಕೈಗಾರಿಕಾ ನೀತಿಯು ಸರ್ಕಾರಿ ಉದ್ಯಮಗಳ ಏಕಸ್ವಾಮ್ಯವನ್ನು ಬಹುಮಟ್ಟಿಗೆ ಕೊನೆಗಾಣಿಸಿತು. ಭದ್ರಾವತಿಯ ಉಕ್ಕಿನ ಕಾರ್ಖಾನೆಯು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರಲ್ಲಿಯೇ ವಿಲೀನಗೊಂಡಿತು. ಕಾಯಂ ನೌಕರರ ಸ್ಥಾನದಲ್ಲಿ ಗುತ್ತಿಗೆ ಕಾರ್ಮಿಕರು ಬಂದರು. ಕಾಗದದ ಕಾರ್ಖಾನೆಯಲ್ಲಿ 2015ರ ಕೊನೆಯ ಹೊತ್ತಿಗೆ ಉತ್ಪಾದನೆ ನಿಂತಿತು. ನೌಕರರಲ್ಲಿ ಅನೇಕರು ಸ್ವಯಂನಿವೃತ್ತಿಯನ್ನು ಪಡೆದರು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ದೀರ್ಘಕಾಲ ಧರಣಿ ಕುಳಿತರು. ಅದೇ ವರ್ಷ ಕೆಲಸವು ಭಾಗಶಃ ಪುನರಾರಂಭಗೊಂಡಿತು.

ಇಂಥ ಸಂಧಿಕಾಲದಲ್ಲಿ ಮನೆಯೊಳಗೆ ನಡೆಯುವ ಬದಲಾವಣೆಯು ಸದ್ದಿಲ್ಲದ್ದು. ಯಜಮಾನನ ಖಚಿತ ಸಂಬಳ ಕುಗ್ಗಿದಾಗ ಗೃಹಿಣಿಯು ದುಡಿಮೆಗೆ ಹೊರಡುತ್ತಾಳೆ. ಅದೇ ವೇಳೆಗೆ ವಸತಿಗೃಹ, ಆಸ್ಪತ್ರೆ, ಶಾಲೆಗಳ ಆಸರೆಯೂ ಸಡಿಲಗೊಂಡಿರುತ್ತದೆ. ಅಂದರೆ ಅವಳ ಹೊರಗಿನ ಕೆಲಸ ಹೆಚ್ಚಿದ ಗಳಿಗೆಯಲ್ಲಿಯೇ ಒಳಗಿನ ಕೆಲಸವೂ ಹೆಚ್ಚುತ್ತದೆ. ರಷ್ಯದ ಕಾರ್ಖಾನೆಯ ಊರಿಗೂ ಭದ್ರೆಯ ದಂಡೆಯ ಊರಿಗೂ ಸಾವಿರಾರು ಮೈಲಿಗಳ ಅಂತರವಿದ್ದರೂ ಈ ಒಂದು ಅಂಶದಲ್ಲಿ ಎರಡರ ಕಥೆಯೂ ಒಂದೇ.

ಹಾಗೆಂದು ಹೊರಗಿನ ದುಡಿಮೆಯನ್ನು ಕಷ್ಟವೆಂದೇ ಬಗೆಯುವುದು ತಪ್ಪಾದೀತು. ಹೊಲಿಗೆ ಯಂತ್ರದ ಮುಂದೆ ಕುಳಿತು ತನ್ನ ಹೆಸರಿನ ಬ್ಯಾಂಕ್ ಖಾತೆಗೆ ಸಂಬಳ ಪಡೆಯುವ ಮಹಿಳೆಯು, ಮಗಳ ಶುಲ್ಕಕ್ಕಾಗಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಸರ್ಕಾರಿ ಬಸ್ಸುಗಳಲ್ಲಿ ಅವಳ ಪ್ರಯಾಣವನ್ನು ಉಚಿತಗೊಳಿಸಿತು. ಅವಳು ಬಯಸುವುದು ದುಡಿಮೆಯಿಂದ ಬಿಡುಗಡೆಯನ್ನಲ್ಲ, ಎರಡನೆಯ ದುಡಿಮೆಯಲ್ಲಿ ಪಾಲುಗಾರರನ್ನು.

ದಿನದ ಇಪ್ಪತ್ತನಾಲ್ಕು ಗಂಟೆ

ಈ ಎರಡನೆಯ ದುಡಿಮೆಯ ಪ್ರಮಾಣವೆಷ್ಟು? ಕೇಂದ್ರ ಸರ್ಕಾರದ ಸಮಯ ಬಳಕೆಯ ಸಮೀಕ್ಷೆಯು ಇದಕ್ಕೆ ಉತ್ತರ ಕೊಟ್ಟಿದೆ. ಮನೆಯವರಿಗಾಗಿ ವೇತನವಿಲ್ಲದೆ ಮನೆಗೆಲಸ ಮಾಡುವವರಲ್ಲಿ ಮಹಿಳೆಯು 2019ರಲ್ಲಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಪುರುಷನು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಿದ್ದರು. 2024ರಲ್ಲಿ ಇವು ಕ್ರಮವಾಗಿ 289 ಮತ್ತು 88 ನಿಮಿಷಗಳಾದುವು. ಐದು ವರ್ಷಗಳಲ್ಲಿ ಮಹಿಳೆಯ ಹೊರೆ ಇಳಿದದ್ದು ಹತ್ತು ನಿಮಿಷ; ಪುರುಷನ ಪಾಲು ಏರಲಿಲ್ಲ, ಅದೂ ಒಂಬತ್ತು ನಿಮಿಷ ಇಳಿಯಿತು. ಮಕ್ಕಳ, ವೃದ್ಧರ, ರೋಗಿಗಳ ಆರೈಕೆಯ ಲೆಕ್ಕ ಇದರಿಂದ ಬೇರೆ. 15ರಿಂದ 59 ವರ್ಷದವರೊಳಗೆ ಆರೈಕೆಯಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 140 ನಿಮಿಷಗಳನ್ನು ಕೊಟ್ಟರೆ ಪುರುಷರು ಕೊಟ್ಟದ್ದು 74 ನಿಮಿಷ.

ಕೂಡಿ ನೋಡಬಹುದು. ಕಾರ್ಖಾನೆಯಲ್ಲಿ ಎಂಟು ಗಂಟೆ, ಊಟದ ಬಿಡುವು ಅರ್ಧ ಗಂಟೆ, ಹೋಗಿ ಬರಲು ಎರಡು ಗಂಟೆ ಎಂದು ಹಿಡಿದರೆ ಹತ್ತೂವರೆ ಗಂಟೆಯಾಯಿತು. ಮನೆಗೆಲಸದ 289 ನಿಮಿಷಗಳೂ ಆರೈಕೆಯ 140 ನಿಮಿಷಗಳೂ ಕೂಡಿದರೆ ಮತ್ತೆ ಏಳು ಗಂಟೆ ಒಂಬತ್ತು ನಿಮಿಷ. ಒಟ್ಟು ಹದಿನೇಳು ಗಂಟೆ ಮೂವತ್ತೊಂಬತ್ತು ನಿಮಿಷ. ಉಳಿದ ಆರು ಗಂಟೆ ಇಪ್ಪತ್ತೊಂದು ನಿಮಿಷಗಳಲ್ಲಿ ಅವಳ ನಿದ್ರೆ, ಸ್ನಾನ, ಊಟ, ಪೂಜೆ, ಜ್ವರ, ತಲೆನೋವು ಎಲ್ಲವೂ ಮುಗಿಯಬೇಕು.

ಈ ಲೆಕ್ಕಕ್ಕೆ ಒಂದು ಆಕ್ಷೇಪವುಂಟು, ಅದು ನ್ಯಾಯವಾದುದೂ ಹೌದು. ಸಮೀಕ್ಷೆಯ ಸರಾಸರಿಯಲ್ಲಿ ಮನೆಯಲ್ಲಿಯೇ ಇರುವ ಗೃಹಿಣಿಯರೂ ಸೇರಿದ್ದಾರೆ. ಹೊರಗೆ ದುಡಿಯುವವಳು ಮನೆಗೆಲಸಕ್ಕೆ ಅಷ್ಟು ಹೊತ್ತು ಕೊಡಲಾರಳು. ನಿಜ. ಆದರೆ ಅವಳು ಮಾಡಲಾಗದ ಕೆಲಸವು ಇಲ್ಲವಾಗುವುದಿಲ್ಲ. ಅಕ್ಕಿ ತಾನಾಗಿ ಬೇಯದು, ಕೂಸು ತಾನಾಗಿ ಮಲಗದು. ಆ ಕೆಲಸವು ಅತ್ತೆಯ ಕೈಗೆ ಹೋಗುತ್ತದೆ. ಅತ್ತೆಯಿಲ್ಲದ, ಅಥವಾ ಅತ್ತೆಯೇ ಹಾಸಿಗೆ ಹಿಡಿದ ಮನೆಯಲ್ಲಿ ಹಿರಿಯ ಮಗಳ ಕೈಗೆ ಹೋಗುತ್ತದೆ. ಪುರುಷನ ಪಾಲು ಹೆಚ್ಚಲಿಲ್ಲವೆಂಬುದನ್ನು ಅಂಕಿಗಳೇ ಹೇಳಿವೆ. ಹೀಗಾಗಿ ತಾಯಿಯ ಉದ್ಯೋಗದ ಬೆಲೆಯನ್ನು ಮಗಳ ವಿದ್ಯೆಯು ತೆರಬೇಕಾದ ಅಪಾಯವಿದೆ. ಎಂಟನೆಯ ತರಗತಿಯ ಹುಡುಗಿಯು ತಿಂಗಳಲ್ಲಿ ಆರು ದಿನ ಗೈರುಹಾಜರಾದರೆ ಕಾರಣವು ಸೋಮಾರಿತನವೇ ಆಗಿರಬೇಕಿಲ್ಲ, ತೊಟ್ಟಿಲಲ್ಲಿರುವ ತಮ್ಮನಾಗಿರಬಹುದು.

ಕಾಯಿದೆಯ ಕೊಡೆ

ಕಾನೂನು ಈ ಸಂಗತಿಯನ್ನು ಕಾಣದೆ ಇಲ್ಲ. 1948ರ ಕಾರ್ಖಾನೆಗಳ ಕಾಯಿದೆಯು ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗಾಗಿ ಶಿಶುಪಾಲನಾ ಕೊಠಡಿ ಇರಬೇಕೆಂದು ವಿಧಿಸಿತು. 1976ರ ತಿದ್ದುಪಡಿಯು ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. 1961ರ ಹೆರಿಗೆ ಸೌಲಭ್ಯ ಕಾಯಿದೆಯು ಹನ್ನೆರಡು ವಾರಗಳ ವೇತನಸಹಿತ ರಜೆಯನ್ನು ಕೊಟ್ಟಿತು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಅದು ಇಪ್ಪತ್ತಾರು ವಾರಗಳಾಯಿತು, ಐವತ್ತು ಮತ್ತು ಅದಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರವು ಕಡ್ಡಾಯವಾಯಿತು. ಇವುಗಳ ತಿರುಳನ್ನು 2020ರಲ್ಲಿ ಸಂಸತ್ತು ಅಂಗೀಕರಿಸಿದ ಕಾರ್ಮಿಕ ಸಂಹಿತೆಗಳಲ್ಲಿ ಅಳವಡಿಸಲಾಯಿತು. ರಾಜ್ಯದ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರಿಗೆ ಹೆರಿಗೆ ರಜೆಯಲ್ಲದೆ ಆರು ತಿಂಗಳ ಶಿಶುಪಾಲನಾ ರಜೆಯನ್ನು 2021–22ರ ಆಯವ್ಯಯದಲ್ಲಿ ಘೋಷಿಸಲಾಯಿತು.

ಆದರೆ ಈ ಕೊಡೆಯ ಕೆಳಗೆ ಬರುವವರು ಕೆಲವರೇ. ಸುಗ್ಗಿಯಲ್ಲಿ ರಾತ್ರಿ ಕುಳಿತು ಅಡಿಕೆ ಸುಲಿಯುವವಳಿಗೆ, ಮನೆಮನೆಯಲ್ಲಿ ಪಾತ್ರೆ ತೊಳೆಯುವವಳಿಗೆ, ಸಣ್ಣ ಅಂಗಡಿಯಲ್ಲಿ ನಿಂತೇ ದುಡಿಯುವವಳಿಗೆ ರಜೆಯೂ ಇಲ್ಲ, ಶಿಶುಪಾಲನಾ ಕೊಠಡಿಯೂ ಇಲ್ಲ. ಕಾಯಿದೆಯ ರಕ್ಷಣೆಯುಳ್ಳವಳಿಗೂ ಒಂದು ಕಂದರವು ಎದುರಾಗುತ್ತದೆ. ಹೆರಿಗೆ ರಜೆಯು ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಮುಗಿಯುತ್ತದೆ. 1975ರ ಅಕ್ಟೋಬರ್ 2ರಂದು ಆರಂಭವಾಗಿ, ಕರ್ನಾಟಕದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ಕಾಲಿರಿಸಿದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಯು ಶಾಲಾಪೂರ್ವ ಶಿಕ್ಷಣಕ್ಕೆ ಮಗುವನ್ನು ಸೇರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಅದು ಬಾಗಿಲು ಹಾಕುವುದೂ ಕಾರ್ಖಾನೆಯ ಪಾಳಿ ಮುಗಿಯುವುದಕ್ಕೆ ಮೊದಲೇ. ನಡುವಣ ಎರಡೂವರೆ ವರ್ಷ ಮಗುವನ್ನು ಎತ್ತಿಕೊಳ್ಳುವವರು ಯಾರು? ಬಹುಸಂಖ್ಯೆಯ ಮಹಿಳೆಯರು ನೌಕರಿಯನ್ನು ಬಿಡುವುದು ಈ ಕಂದರದ ಅಂಚಿನಲ್ಲಿಯೇ. 2023–24ರ ಆಯವ್ಯಯದಲ್ಲಿ ರಾಜ್ಯ ಸರ್ಕಾರವು ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವುದಾಗಿ ಪ್ರಕಟಿಸಿದುದು ಈ ಕಂದರವನ್ನು ಗುರುತಿಸಿದ ಹೆಜ್ಜೆಯಾಗಿದೆ.

ಇನ್ನೊಂದು ವಿಪರ್ಯಾಸವನ್ನೂ ಹೇಳಲೇಬೇಕು. ಬೇರೆ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಅವರಿಗೆ ಉಪಧನದ ಹಕ್ಕಿದೆಯೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿದುದು 2022ರ ಏಪ್ರಿಲಿನಲ್ಲಿ. ಯೋಜನೆ ಆರಂಭವಾಗಿ ಆ ವೇಳೆಗೆ ನಲವತ್ತಾರು ವರ್ಷಗಳು ಕಳೆದಿದ್ದುವು.

ಕಾಯಕದ ಕಣ್ಣಿನಿಂದ

ದುಡಿಮೆಗೆ ಮೇಲುಕೀಳೆಂಬುದಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ನೆಲವಿದು. ಈ ಜಿಲ್ಲೆಯ ಉಡುತಡಿಯು ಅಕ್ಕಮಹಾದೇವಿಯ ಜನ್ಮಸ್ಥಳ. ಈ ಸೀಮೆಯವಳೇ ಎಂದು ಹೇಳಲಾಗುವ ಸತ್ಯಕ್ಕನ ಕಾಯಕವು ಅಂಗಳ ಗುಡಿಸುವುದು. ಕದಿರ ರೆಮ್ಮವ್ವೆಯದು ನೂಲುವುದು, ಕೊಟ್ಟಣದ ಸೋಮವ್ವೆಯದು ಭತ್ತ ಕುಟ್ಟುವುದು. ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅವನನ್ನು ತಿದ್ದಿದವಳು ಆಯ್ದಕ್ಕಿ ಲಕ್ಕಮ್ಮ. ಇವರ ಹೆಸರುಗಳೇ ಇವರ ದುಡಿಮೆಯನ್ನು ಹೇಳುತ್ತವೆ. ಗುಡಿಸುವುದು, ನೂಲುವುದು, ಕುಟ್ಟುವುದು ಇವೆಲ್ಲ ಮನೆಯಂಗಳದ ಕೆಲಸಗಳೇ. ಆದರೆ ಶರಣರು ಅವುಗಳನ್ನು ಕಾಯಕವೆಂದು ಹೆಸರಿಟ್ಟು ಗೌರವಿಸಿದರು. ಇಂದಿನ ಗಣತಿಯಾದರೋ ಅದೇ ಕೆಲಸ ಮಾಡುವವಳನ್ನು ದುಡಿಯದವಳೆಂದು ಬರೆದುಕೊಳ್ಳುತ್ತದೆ. ಮನೆಗೆಲಸವು ಕಾಯಕವೇ ಆದರೆ ಅದು ಗಂಡಿಗೂ ಹೆಣ್ಣಿಗೂ ಸಲ್ಲಬೇಕು, ಕಾಯಕಕ್ಕೆ ಲಿಂಗಭೇದವಿಲ್ಲ.

ಭೇದವಿದ್ದರೆ ಆಗುವ ನಷ್ಟಕ್ಕೆ ಜಿಲ್ಲೆಯವರೇ ಆದ ಎಂ. ಕೆ. ಇಂದಿರಾ ಅವರ ಜೀವನವು ನಿದರ್ಶನ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಜನಿಸಿದ ಅವರಿಗೆ ಹನ್ನೆರಡನೆಯ ವಯಸ್ಸಿಗೇ ವಿವಾಹವಾಯಿತು, ಶಾಲೆ ನಿಂತಿತು. ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಪ್ರಕಟವಾದುದು 1963ರಲ್ಲಿ, ನಲವತ್ತಾರರ ವಯಸ್ಸಿನಲ್ಲಿ. ‘ಫಣಿಯಮ್ಮ’ದಂಥ ಕೃತಿಯನ್ನು ಕೊಟ್ಟ ಲೇಖನಿಯು ಮೂರು ದಶಕಗಳ ಸಂಸಾರವನ್ನು ದಾಟಿ ಬರಬೇಕಾಯಿತು. ಅವರು ದಾಟಿ ಬಂದರು. ದಾಟಲಾಗದೆ ಉಳಿದವರ ಹೆಸರುಗಳು ಸಾಹಿತ್ಯ ಚರಿತ್ರೆಯಲ್ಲಿಲ್ಲ.

ವಿದ್ಯಾಸಂಸ್ಥೆಗಳ ಪಾಲು

ಇಲ್ಲಿ ಶಾಲೆಯ ಕರ್ತವ್ಯವೇನು? 2002–03ರಲ್ಲಿ ಆರಂಭವಾದ ಅಕ್ಷರ ದಾಸೋಹ ಯೋಜನೆಯು ದಾರಿಯೊಂದನ್ನು ಆಗಲೇ ತೋರಿಸಿದೆ. ಮಧ್ಯಾಹ್ನದ ಊಟವು ಮಗುವಿನ ಹಸಿವನ್ನು ನೀಗಿತೆಂದು ಎಲ್ಲರೂ ಬಲ್ಲರು. ಅದು ತಾಯಿಯ ಬೆಳಗಿನ ಒಂದು ಗಂಟೆಯನ್ನು ಅವಳಿಗೆ ಮರಳಿಸಿತೆಂಬುದನ್ನು ಗಮನಿಸಿದವರು ಕಡಮೆ. ಮಠಗಳ ಪ್ರಸಾದನಿಲಯಗಳು ಇದೇ ಕೆಲಸವನ್ನು ಬಹು ಹಿಂದಿನಿಂದ ಮಾಡುತ್ತ ಬಂದಿವೆ. ಆದರೆ ಅವು ಬಹುಕಾಲ ಹೆಚ್ಚಾಗಿ ಗಂಡುಮಕ್ಕಳಿಗೇ ತೆರೆದಿದ್ದುವು. ಹೆಣ್ಣುಮಕ್ಕಳ ನಿಲಯಕ್ಕೆ ಕೊಡುವ ದಾನವು ಎರಡು ತಲೆಮಾರುಗಳನ್ನು ಒಮ್ಮೆಗೇ ಎತ್ತುತ್ತದೆ ಎಂಬುದನ್ನು ದಾನಿಗಳು ವಿಚಾರಿಸಬೇಕು.

ಕಟ್ಟಡ ಕಟ್ಟುವ ದಾನಕ್ಕೆ ಶಿಲಾಫಲಕವುಂಟು. ಸಂಜೆಯ ಎರಡು ಗಂಟೆ ಶಾಲೆಯ ಒಂದು ಕೊಠಡಿಯನ್ನು ತೆರೆದಿಟ್ಟು, ದುಡಿಯುವ ತಾಯಂದಿರ ಮಕ್ಕಳನ್ನು ಓದಿಗೆ ಕೂರಿಸುವ ವ್ಯವಸ್ಥೆಗೆ ಫಲಕ ಬೇಕಿಲ್ಲ, ಅದರ ವೆಚ್ಚವೂ ಅಲ್ಪ. ಶಿಕ್ಷಕಿಯರ ಎಳೆಯ ಮಕ್ಕಳಿಗೆ ಒಂದು ತೊಟ್ಟಿಲುಕೋಣೆ, ಪೋಷಕರ ಸಭೆಗೆ ತಾಯಿ ಬರಬಲ್ಲ ವೇಳೆ, ಸಭೆಗೆ ತಂದೆಯೂ ಬರಲೇಬೇಕೆಂಬ ನಿಯಮ ಇವು ಯಾವ ಅನುದಾನವನ್ನೂ ಕಾಯುವುದಿಲ್ಲ. ಪಾಠಪಟ್ಟಿಯಲ್ಲಿ ಹೊಲಿಗೆ ಅಡುಗೆಗಳು ಹುಡುಗಿಯರಿಗೆ, ಮರಗೆಲಸ ಹುಡುಗರಿಗೆ ಎಂಬ ಹಳೆಯ ಹಂಚಿಕೆಯನ್ನು ಬಿಟ್ಟು, ಅನ್ನ ಬೇಯಿಸುವುದನ್ನೂ ಅಂಗಳ ಗುಡಿಸುವುದನ್ನೂ ಇಬ್ಬರಿಗೂ ಕಲಿಸುವುದು ಶಾಲೆಯ ಕೈಯಲ್ಲಿಯೇ ಇದೆ. ಅಂಕಿಗಳಲ್ಲಿ 88ರಲ್ಲಿಯೇ ನಿಂತ ಪುರುಷನ ನಿಮಿಷಗಳು ಮುಂದಿನ ಸಮೀಕ್ಷೆಯಲ್ಲಿ ಏರಬೇಕಾದರೆ ಅವು ಏರತೊಡಗುವುದು ಈಗ ಐದನೆಯ ತರಗತಿಯಲ್ಲಿ ಕುಳಿತಿರುವ ಹುಡುಗನಿಂದ.

ಸೋಗಾನೆಯ ನಿಲ್ದಾಣದಿಂದ ವಿಮಾನವು ಮೇಲೇರುವಾಗ ಹಳ್ಳಿಯ ಹುಡುಗಿಯು ತಲೆಯೆತ್ತಿ ನೋಡುತ್ತಾಳೆ. ಅವಳು ಮುಂದೆ ಅದರಲ್ಲಿ ಪ್ರಯಾಣಿಸಬಹುದು, ಅದನ್ನು ನಡೆಸಲೂಬಹುದು. ಆಗುವುದೋ ಇಲ್ಲವೋ ಎಂಬುದು ಅವಳ ಬುದ್ಧಿಶಕ್ತಿಯೊಂದರಿಂದಲೇ ನಿರ್ಣಯವಾಗದು. ಆ ಗಳಿಗೆಯಲ್ಲಿ ಅವಳ ಸೊಂಟದ ಮೇಲೆ ಕುಳಿತಿರುವ ತಮ್ಮನನ್ನು ಎತ್ತಿಕೊಳ್ಳಲು ಬೇರೊಂದು ಕೈ ಇದೆಯೇ ಎಂಬುದರಿಂದಲೂ ನಿರ್ಣಯವಾಗುತ್ತದೆ. ಕಾರ್ಖಾನೆಗಳು ಒಂದು ಕಾಲದಲ್ಲಿ ಆ ಕೈ ನೀಡಿದ್ದುವು, ಹಿಂತೆಗೆದುಕೊಂಡುವು. ಸರ್ಕಾರವು ಅರ್ಧ ನೀಡಿದೆ. ಉಳಿದರ್ಧವನ್ನು ಕುಟುಂಬದ ಪುರುಷರೂ ಊರಿನ ವಿದ್ಯಾಸಂಸ್ಥೆಗಳೂ ನೀಡಬೇಕಾಗಿದೆ.